ಬಾನೆಟ್ ಎತ್ತಿದ ಮಹಾನುಭಾವ

ಬೇಸಿಗೆಯ ಭಾನುವಾರ ಇಂಗ್ಲೆಂಡಿನ ಹಳ್ಳಿಗಾಡಿನ ಯಾವ ರಸ್ತೆ ಹಿಡಿದು ಹೋದರೂ ಈತ ಸಿಗುತ್ತಾನೆ. ಬೇಲಿಯ ಪಕ್ಕ ಹುಲ್ಲಿನ ಮೇಲೆ ಎರಡು ಚಕ್ರ ಹತ್ತಿಸಿ ನಿಲ್ಲಿಸಿದ, ಟಾಪ್ ಇಲ್ಲದ, ಎರಡೇ ಸೀಟಿನ ಹಸಿರು ಕಾರು, ಮೇಲೆದ್ದ ಬಾನೆಟ್, ಅದರೊಳಗೆ ಸೊಂಟದವರೆಗೆ ಮುಳುಗಿದ, ಅರವತ್ತು ದಾಟಿದ ಗಂಡಸು. ಎಡಗಡೆ ಸೀಟಿನಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಹೆಂಡತಿ ಕಾದಂಬರಿ ಓದುತ್ತಿರುತ್ತಾಳೆ. ದಪ್ಪನೆಯ ಕಾದಂಬರಿ. ಆಕೆಗೆ ಅನುಭವವಿದೆ.

ಕಾರು ಎಂಜಿಬಿ. ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದದ್ದು. ಮೇಲ್ಛಾವಣಿ ಇರುವ ಜಿಟಿ ಮಾದರಿಯೂ ಸೇರಿ 5 ಲಕ್ಷಕ್ಕೂ ಹೆಚ್ಚು ಹೊರಬಿದ್ದವು. ಬಹಳಷ್ಟು ಅಮೆರಿಕದ ಹಡಗು ಹತ್ತಿದವು. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್. ಓಡಿದರೆ ಗಂಟೆಗೆ 100 ಮೈಲಿ ದಾಟುತ್ತದೆ. ‘ಓಡಿದರೆ’ ಎಂಬ ಮಾತನ್ನು ಇಲ್ಲಿ ಸುಮ್ಮನೆ ಸೇರಿಸಿಲ್ಲ. ಹುಡುಗನಾಗಿದ್ದಾಗ ಈತ ಪಕ್ಕದ ಬೀದಿಯ ಡಾಕ್ಟರ ಮಗ ಇಂಥ ಕಾರಿನಲ್ಲಿ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವನು. ನಿವೃತ್ತಿಯ ಗಂಟು ಕೈಗೆ ಬಂದ ಕೂಡಲೇ ಕೊಂಡುಬಿಟ್ಟ. ಕಾರು ಸಿಕ್ಕಿತು, ಹುಡುಗಿ ಸಿಕ್ಕಳೇ ಎಂದು ಎಡಗಡೆ ಸೀಟಿನ ಎದುರು ಕೇಳಬಾರದು.

ಈ ಕಾರಿಗೆ ಬಂದಿರುವ ಕಾಯಿಲೆ ವಿಚಿತ್ರ. ಮನೆಯಿಂದ ಹೊರಟು ಏಳೆಂಟು ಮೈಲಿ ಚೆನ್ನಾಗಿ ಹೋಗುತ್ತದೆ. ಆಮೇಲೆ ಒಂದು ಎಗರು, ಒಂದು ಕೆಮ್ಮು, ಎಂಜಿನ್ ಬಂದ್. ದಡಕ್ಕೆ ತಂದು ನಿಲ್ಲಿಸಿ, ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ಮುಟ್ಟಿ, ಕಾಲು ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಗುರುಗುಡುತ್ತದೆ. ಪೂರ್ತಿ ಕೆಟ್ಟ ಕಾರಿಗೆ ಮದ್ದಿದೆ. ಆಗಾಗ ಕೆಡುವ ಕಾರಿಗೆ ಇರುವುದು ಅಭಿಪ್ರಾಯಗಳು ಮಾತ್ರ. ಗ್ಯಾರೇಜಿಗೆ ಒಯ್ದರೆ, ರಾತ್ರಿಯಿಡೀ ಕೆಮ್ಮಿದ ಮಗು ಡಾಕ್ಟರ ಮುಂದೆ ಸುಮ್ಮನೆ ಕೂರುವಂತೆ, ಒಂದು ಸಲವೂ ತಪ್ಪದೆ ಓಡಿ ಯಜಮಾನನ ಮಾನ ಕಳೆಯುತ್ತದೆ. ಮೆಕ್ಯಾನಿಕ್ ಬಿಲ್ ಕೊಡುತ್ತಾನೆ. ಮರಳಿ ಬರುವಾಗ ಗೇಟಿನಿಂದ ಕೂಗಳತೆ ದೂರದಲ್ಲಿ ಮತ್ತೆ ಬಂದ್.

ಎಂಜಿನ್ ಬದುಕುವುದಕ್ಕೆ ಬೇಕಾದದ್ದು ಗಾಳಿಯ ಜೊತೆಗೆ ಎರಡು: ಪೆಟ್ರೋಲು ಮತ್ತು ಕಿಡಿ. ಆದ್ದರಿಂದ ಹಳೇ ಕಾರಿನವರ ಬಳಗದಲ್ಲಿ ಎರಡು ಮತಗಳಿವೆ, ಪೆಟ್ರೋಲ್ ಮತ ಮತ್ತು ಕರೆಂಟ್ ಮತ. ಪಬ್ಬಿನ ಹೊರಗೆ ಬಾನೆಟ್ ಎತ್ತಿದರೆ ಸಾಕು, ಎರಡೂ ಕಡೆಯ ಆಚಾರ್ಯರು ಬಿಯರ್ ಗ್ಲಾಸ್ ಸಮೇತ ಹಾಜರು. ಪೆಟ್ರೋಲ್ ಮತದವರ ಮೊದಲ ಪ್ರಶ್ನೆ ಟ್ಯಾಂಕಿನ ಮುಚ್ಚಳದ ಬಗ್ಗೆ. ಮುಚ್ಚಳದ ಉಸಿರುರಂಧ್ರ ಕಟ್ಟಿಕೊಂಡರೆ ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಹೋಗದೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ, ಪಂಪು ಎಷ್ಟು ಎಳೆದರೂ ಪೆಟ್ರೋಲು ಬರುವುದಿಲ್ಲ. ಕಾರು ನಿಂತ ತಕ್ಷಣ ಮುಚ್ಚಳ ತಿರುಗಿಸಿದಾಗ ‘ಸುಸ್ಸ್’ ಎಂದರೆ ಕಳ್ಳ ಸಿಕ್ಕಂತೆ. ಯಜಮಾನ ಪ್ರತಿ ಸಲವೂ ಕಿವಿಗೊಟ್ಟು ಕೇಳುತ್ತಾನೆ. ಹಕ್ಕಿಗಳು ಕೂಗುತ್ತವೆ, ಮುಚ್ಚಳ ಮೌನವಾಗಿರುತ್ತದೆ.

ಮುಂದಿನ ಆರೋಪಿ ಪಂಪು. ಎಂಜಿಬಿಯ ಎಸ್‌ಯು ಪಂಪು ಕಾರಿನ ಹಿಂಭಾಗದಲ್ಲಿದ್ದು ಕರೆಂಟಿನಿಂದ ನಡೆಯುತ್ತದೆ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಎಂದು ಬಡಿದು, ಕಾರ್ಬುರೇಟರಿನ ಬಟ್ಟಲು ತುಂಬಿದ ಮೇಲೆ ಸುಮ್ಮನಾಗಬೇಕು. ಅದರೊಳಗೆ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟು ಸುಟ್ಟು ಕಪ್ಪಾದರೆ ಟಿಕ್ ಇಲ್ಲ, ಪೆಟ್ರೋಲಿಲ್ಲ. ಪರಂಪರಾಗತ ಚಿಕಿತ್ಸೆ: ಬೂಟು ಕಳಚಿ ಅದರ ಹಿಮ್ಮಡಿಯಿಂದ ಪಂಪಿಗೆ ಒಂದು ಏಟು. ಇದನ್ನು ಮೂಢನಂಬಿಕೆ ಎನ್ನುವಂತಿಲ್ಲ. ಅಂಟಿಕೊಂಡ ಪಾಯಿಂಟು ಏಟಿಗೆ ನಿಜವಾಗಿಯೂ ಬಿಟ್ಟುಕೊಳ್ಳುತ್ತದೆ. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕಾರ್ಬುರೇಟರನ್ನು ಕಂಡುಹಿಡಿದ ಸ್ಕಿನ್ನರ್ ಸೋದರರು ಲಂಡನ್ನಿನ ಲಿಲ್ಲಿ ಅಂಡ್ ಸ್ಕಿನ್ನರ್ ಎಂಬ ಪಾದರಕ್ಷೆ ವ್ಯಾಪಾರದ ಮನೆತನದವರು. ಮೊದಮೊದಲ ಕಾರ್ಬುರೇಟರಿನ ತಿದಿಯೂ ಚರ್ಮದ್ದೇ ಆಗಿತ್ತು. ಬೂಟಿನ ಮನೆತನದ ಯಂತ್ರಕ್ಕೆ ಬೂಟಿನೇಟು ಬೀಳುವುದರಲ್ಲಿ ಒಂದು ನ್ಯಾಯವಿದೆ.

ಪೆಟ್ರೋಲ್ ಮತಕ್ಕೆ ಈಚೆಗೆ ಹೊಸ ಆಯುಧವೂ ಸಿಕ್ಕಿದೆ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನಲ್ಲಿ ಮಾಮೂಲಿ ಪೆಟ್ರೋಲಿಗೆ ಶೇ. 10ರವರೆಗೆ ಎಥನಾಲ್ ಬೆರೆಸುತ್ತಾರೆ. ಹಳೆಯ ರಬ್ಬರ್ ಪೈಪುಗಳನ್ನು ಅದು ಮೆತ್ತಗಾಗಿಸುತ್ತದೆ. ಪೈಪಿನೊಳಗಿನ ಚೂರು ಕಿತ್ತು ಬಂದು ದಾರಿಗೆ ಅಡ್ಡ ಕೂತರೆ ಕಾರು ನಿಲ್ಲುತ್ತದೆ. ಶೇ. 20ರ ಪೆಟ್ರೋಲನ್ನು ಹಳೆಯ ಬೈಕಿಗೆ ತುಂಬಿಸಿ ಬಂಕಿನವನ ಜೊತೆ ವಾದಕ್ಕಿಳಿಯುವ ನಮ್ಮವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಕನ್ನಡದ ಓದುಗರಿಗೆ ಎಂಜಿಬಿ ಅಪರಿಚಿತ, ಅದರ ಎಂಜಿನ್ ಮಾತ್ರ ನೆಂಟನೇ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ನಿನ 1489 ಸಿಸಿ ರೂಪ ಅಂಬಾಸಿಡರಿಗೆ ಬಂತು. ಅದೇ ವಂಶವನ್ನು 1798ಕ್ಕೆ ಹಿಗ್ಗಿಸಿ ಎಂಜಿಬಿಗೆ ಕೂರಿಸಿದರು. ಹಾಸನದ ಅಥವಾ ಹುಬ್ಬಳ್ಳಿಯ ಹಳೆಯ ಅಂಬಾಸಿಡರ್ ಮೇಸ್ತ್ರಿಯನ್ನು ಕಣ್ಣು ಕಟ್ಟಿ ಆಬಿಂಗ್ಡನ್ನಿನಲ್ಲಿ ಇಳಿಸಿದರೂ ಬಾನೆಟ್ ಕೆಳಗೆ ದಾರಿ ತಪ್ಪಲಾರ. ಅವನು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಡೆಲ್ಕೋ ಎನ್ನುತ್ತಾನೆ, ಕ್ಯಾಪಿನ ಕ್ಲಿಪ್ಪು ಬಿಚ್ಚುತ್ತಾನೆ, ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಪಾಯಿಂಟಿನ ಸಂದಿಗೆ ತೂರಿಸಿ ಗ್ಯಾಪ್ ನೋಡುತ್ತಾನೆ. ಇಂಗ್ಲೆಂಡಿನ ಯಜಮಾನನ ಬಳಿ ಇದಕ್ಕಾಗಿ ಫೀಲರ್ ಗೇಜ್ ಇದೆ, ಓದುವ ಕನ್ನಡಕವಿದೆ, 0.35 ಮಿಲಿಮೀಟರೋ 0.40 ಮಿಲಿಮೀಟರೋ ಎಂಬ ತರ್ಕವಿದೆ. ಮೇಸ್ತ್ರಿಯ ಬಳಿ ಇರುವುದು ಯಾರದೋ ವಿಮಾ ಏಜೆಂಟರ ಕಾರ್ಡು. ಕಾರು ಎರಡೂ ಕಡೆ ಸ್ಟಾರ್ಟ್ ಆಗುತ್ತದೆ.

ಕರೆಂಟ್ ಮತದವರ ಪಟ್ಟಿ ಇನ್ನೂ ಉದ್ದ. ಬಿಸಿಯಾದ ಮೇಲೆ ಕೈಕೊಡುವ ಕಂಡೆನ್ಸರ್. ಬಿಸಿಯಾದ ಮೇಲೆ ಕೈಕೊಡುವ ಕಾಯಿಲ್. ಒಳಗಿನ ರಿವೆಟ್ಟಿನ ಮೂಲಕ ಕಿಡಿಯನ್ನು ಡಿಸ್ಟ್ರಿಬ್ಯೂಟರಿನ ದಂಡಕ್ಕೇ ಸೋರಿಸಿಬಿಡುವ ಅಗ್ಗದ ರೋಟರ್ ಆರ್ಮ್. ಕೀಲಿಗೊಂಚಲಿನ ಭಾರಕ್ಕೆ ಸವೆದು, ಗುಂಡಿ ಸಿಕ್ಕಾಗ ಸಂಪರ್ಕ ಬಿಡುವ ಇಗ್ನಿಷನ್ ಸ್ವಿಚ್ಚು. ಅಲ್ಲಿಂದ ಕಾಯಿಲ್‌ವರೆಗೆ ಬರುವ ಬಿಳಿ ವೈರು, ಅದರ ನಡುವಿನ ತುಕ್ಕು ಹಿಡಿದ ಜೋಡಣೆಗಳು. ಇವುಗಳಲ್ಲಿ ಬಹುಪಾಲು ಸಾಮಾನು ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪನಿಯದು. ಜೋಸೆಫ್ ಲೂಕಸ್ ಬೀದಿಯಲ್ಲಿ ಸೀಮೆಎಣ್ಣೆ ಮಾರಿ ಮೇಲೆ ಬಂದವನು, ಆಮೇಲೆ ‘ಕಿಂಗ್ ಆಫ್ ದ ರೋಡ್’ ಹೆಸರಿನ ಸೈಕಲ್ ಲ್ಯಾಂಪು ಮಾರಿ ಹೆಸರಾದವನು. ಹಳೇ ಕಾರಿನವರು ಅವನಿಗೆ ಕೊಟ್ಟಿರುವ ಬಿರುದು ಬೇರೆ: ಅಂಧಕಾರದ ರಾಜಕುಮಾರ. ಇಂಗ್ಲಿಷರು ಬೆಚ್ಚಗಿನ ಬಿಯರ್ ಯಾಕೆ ಕುಡಿಯುತ್ತಾರೆ? ಫ್ರಿಜ್ಜೂ ಲೂಕಸ್‌ನದೇ ಆದ್ದರಿಂದ. ಯಜಮಾನ ಈ ಜೋಕನ್ನು ಪ್ರತಿ ವಾರ ಹೇಳುತ್ತಾನೆ, ಪ್ರತಿ ವಾರ ಮೊದಲು ನಗುವವನೂ ಅವನೇ. ನ್ಯಾಯವಾಗಿ ನೋಡಿದರೆ ಐವತ್ತು ವರ್ಷ ಇಂಗ್ಲೆಂಡಿನ ಮಳೆಯಲ್ಲಿ ನೆನೆದ, ಮಾಲೀಕರು ಒಬ್ಬರಾದ ಮೇಲೊಬ್ಬರು ರೇಡಿಯೋಗೆಂದೂ ಫಾಗ್ ಲ್ಯಾಂಪಿಗೆಂದೂ ಕತ್ತರಿಸಿ ಟೇಪು ಸುತ್ತಿದ ವೈರಿಗೆ ಲೂಕಸ್ ಮಹಾಶಯನನ್ನು ಬೈಯುವುದು ಅನ್ಯಾಯ.

ಇಷ್ಟೆಲ್ಲ ಮತಭೇದ ಇದ್ದರೂ, ಪೆಟ್ರೋಲೋ ಕರೆಂಟೋ ಎಂಬುದನ್ನು ಒಂದೇ ಕ್ಷಣದಲ್ಲಿ ಹೇಳುವ ಸಾಕ್ಷಿ ಡ್ಯಾಷ್‌ಬೋರ್ಡಿನಲ್ಲೇ ಕೂತಿದೆ. ಎಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರ್. ಮೊದಲ ಎರಡು ವರ್ಷದ ಕಾರುಗಳನ್ನು ಬಿಟ್ಟರೆ ಎಂಜಿಬಿಯಲ್ಲಿ ಇದು ಇಗ್ನಿಷನ್ ಕರೆಂಟಿನ ಮಿಡಿತವನ್ನೇ ಎಣಿಸುತ್ತದೆ. ಕಾರು ಗೇರಿನಲ್ಲಿ ಉರುಳುತ್ತಿರುವಾಗಲೇ ಎಂಜಿನ್ ಸತ್ತರೆ ಮುಳ್ಳನ್ನು ನೋಡಬೇಕು. ಚಕ್ರಗಳು ಎಂಜಿನ್ನನ್ನು ಇನ್ನೂ ತಿರುಗಿಸುತ್ತಿದ್ದರೂ ಮುಳ್ಳು ದೊಪ್ಪನೆ ಸೊನ್ನೆಗೆ ಬಿದ್ದರೆ ಕಾಯಿಲ್‌ಗೆ ಬರುವ ಕರೆಂಟು ಕಡಿದಿದೆ: ಸ್ವಿಚ್ಚು, ವೈರು, ಪಾಯಿಂಟು ಹುಡುಕಿ. ವೇಗದ ಜೊತೆಗೆ ನಿಧಾನವಾಗಿ ಇಳಿದರೆ ಅಷ್ಟರಮಟ್ಟಿಗೆ ಕರೆಂಟು ಸರಿಯಿದೆ: ಪೆಟ್ರೋಲನ್ನೋ ರೋಟರ್ ಆರ್ಮನ್ನೋ ನೋಡಿ. ಇಷ್ಟೇ ವಿದ್ಯೆ. ಯಜಮಾನನಿಗೆ ಇದು ಬಾಯಿಪಾಠ, ಬೇರೆಯವರಿಗೆ ಹೇಳಿಕೊಡುತ್ತಾನೆ ಕೂಡ. ಆದರೆ ಎಂಜಿನ್ ಸಾಯುವ ಆ ಗಳಿಗೆಯಲ್ಲಿ ಹಿಂದೊಂದು ಸಿಮೆಂಟ್ ಲಾರಿ ಇರುತ್ತದೆ, ಅವನ ಎರಡೂ ಕಣ್ಣು ಕನ್ನಡಿಯಲ್ಲಿರುತ್ತವೆ. ಮುಳ್ಳು ಹೇಗೆ ಬಿತ್ತೆಂದು ಕಂಡದ್ದು ಹೆಂಡತಿ. ಆಕೆಯನ್ನು ಈತ ಕೇಳುವುದಿಲ್ಲ, ಕೇಳದೆ ಆಕೆ ಹೇಳುವುದಿಲ್ಲ.

ಇನ್ನು ಈತನ ಪತ್ತೇದಾರಿಕೆಯ ಕ್ರಮ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕೆಂದು ಎಲ್ಲರಿಗೂ ಗೊತ್ತು. ಶನಿವಾರ ಷೆಡ್ಡಿಗೆ ಇಳಿದ ಯಜಮಾನ ಕಂಡೆನ್ಸರ್, ರೋಟರ್ ಆರ್ಮ್, ಪಾಯಿಂಟು, ಪ್ಲಗ್ಗು, ಕಾಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುತ್ತಾನೆ. ಕಾರು ಸರಿಹೋದರೆ ಯಾವುದರಿಂದ ಹೋಯಿತೋ ತಿಳಿಯದು. ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಹೊಸದಾಗಿ ಹಾಕಿದ ಕಂಡೆನ್ಸರ್ ಹಳೆಯದಕ್ಕಿಂತ ಬೇಗ ಸತ್ತು, ಒಂದು ಕಾಯಿಲೆಯ ಜಾಗದಲ್ಲಿ ಎರಡಾಗುತ್ತವೆ. ಕಳಚಿದ ಹಳೆಯ ಭಾಗಗಳನ್ನು ‘ಇದ್ದರೆ ಇರಲಿ’ ಎಂದು ಡಿಕ್ಕಿಯಲ್ಲಿಡುತ್ತಾನೆ. ಹ್ಯಾಂಪ್‌ಷೈರಿನ ಬ್ಯೂಲಿಯಲ್ಲಿ 1967ರಿಂದ ಹಳೇ ಬಿಡಿಭಾಗಗಳ ಸಂತೆ ನಡೆಯುತ್ತದೆ. ಅಲ್ಲಿ ಯಾರೋ ಇದೇ ಅನುಮಾನದಿಂದ ಕಳಚಿ ಮಾರಿದ ರೋಟರ್ ಆರ್ಮನ್ನು ‘ಅಸಲಿ ಹಳೇ ಮಾಲು’ ಎಂದು ಕೊಂಡು ತರುತ್ತಾನೆ. ಸಂತೆಯ ಮೇಜಿನ ಮೇಲಿನ ಸಾಮಾನು ಅರ್ಧಕ್ಕರ್ಧ ಇಂಥ ನಿರಪರಾಧಿಗಳೇ ಇರಬೇಕು.

ಸರಕಾರವೂ ಈತನ ಬೆನ್ನಿಗಿದೆ. ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಡಿಸದ ಕಾರಿಗೆ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆ ಇಲ್ಲ. 2018ರ ಮೇ ತಿಂಗಳಿಂದ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಇಷ್ಟು ಹಳೆಯ ಕಾರನ್ನು ಯಜಮಾನರು ಜೋಪಾನವಾಗಿ ನೋಡಿಕೊಳ್ಳುತ್ತಾರೆ, ಕಡಿಮೆ ಓಡಿಸುತ್ತಾರೆ ಎಂಬುದು ಅಧಿಕಾರಿಗಳ ಲೆಕ್ಕಾಚಾರ. ಕಡಿಮೆ ಓಡುವ ವಿಷಯದಲ್ಲಿ ಲೆಕ್ಕ ಸರಿಯಾಗಿಯೇ ಇದೆ.

ನೆರೆಮನೆಯವನ ಬಳಿ ಮಜ್ದಾ ಎಂಎಕ್ಸ್-5 ಇದೆ. ಇಂಗ್ಲಿಷರ ಇಂಥ ಪುಟ್ಟ ಕಾರುಗಳನ್ನು ಚೆನ್ನಾಗಿ ಅಭ್ಯಾಸ ಮಾಡಿ, ಅವುಗಳ ಆಕಾರ, ಹುಮ್ಮಸ್ಸು ಎಲ್ಲ ಉಳಿಸಿಕೊಂಡು, ರಸ್ತೆ ಬದಿಯಲ್ಲಿ ನಿಲ್ಲುವ ಗುಣವೊಂದನ್ನು ಮಾತ್ರ ಬಿಟ್ಟು ಜಪಾನಿನವರು 1989ರಲ್ಲಿ ಹೊರತಂದ ಕಾರು. ನೆರೆಯವನು ಭಾನುವಾರ ಹೋಗುತ್ತಾನೆ, ಬರುತ್ತಾನೆ, ಅಷ್ಟೆ. ಹೇಳಿಕೊಳ್ಳಲು ಅವನಿಗೊಂದು ಕತೆಯಿಲ್ಲ. “ಅದಕ್ಕೆ ಆತ್ಮವಿಲ್ಲ” ಎನ್ನುತ್ತಾನೆ ನಮ್ಮ ಯಜಮಾನ, ಮನೆಗೆ ಬರಲು ಅದೇ ಕಾರಿನಲ್ಲಿ ಲಿಫ್ಟ್ ತೆಗೆದುಕೊಂಡು.

ಕೊನೆಗೊಂದು ದಿನ ರೋಗ ಸಿಕ್ಕಿತು. ಸಿಕ್ಕದ್ದು ರಸ್ತೆ ಬದಿಗೆ ಹಳದಿ ವ್ಯಾನಿನಲ್ಲಿ ಬಂದ ನೆರವಿನವನಿಗೆ. ಆತ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಒಳಗಿದ್ದ ಎರಡಂಗುಲದ ಪುಟ್ಟ ಅರ್ತಿಂಗ್ ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಅದು ಹಿಗ್ಗಿತು. ತಾಮ್ರದ ವೈರು ಹಿಗ್ಗಬಾರದು. ಹೊದಿಕೆಯೊಳಗೆ ಎಳೆಗಳೆಲ್ಲ ತುಂಡಾಗಿ, ಹೊರಗಿನ ಕವಚ ಮಾತ್ರ ಉಳಿದಿತ್ತು. ಪಾಯಿಂಟು ಕೂತಿರುವ ತಟ್ಟೆಯನ್ನು ಎಂಜಿನ್ನಿನ ನಿರ್ವಾತ ಹಿಂದೆ ಮುಂದೆ ತಿರುಗಿಸುತ್ತಿರುತ್ತದೆ. ತಟ್ಟೆಯ ಜೊತೆಗೆ ಬಾಗಿ ಬಾಗಿ ಸವೆದ ವೈರು ಅದು. ಆಕ್ಸಿಲರೇಟರ್ ಹದವಾಗಿ ಒತ್ತಿ ಹಾಯಾಗಿ ಸಾಗುವಾಗ ತಟ್ಟೆ ತಿರುಗಿ ತುಂಡುಗಳು ಬೇರ್ಪಡುತ್ತಿದ್ದವು, ನಿಂತ ಮೇಲೆ ಮತ್ತೆ ತಾಗುತ್ತಿದ್ದವು. ಗ್ಯಾರೇಜಿನಲ್ಲಿ ನಿಂತಲ್ಲೇ ಗುರುಗುಡುವಾಗ ಆ ತಟ್ಟೆ ತಿರುಗುವುದು ಕಡಿಮೆ, ಹಾಗಾಗಿ ಅಲ್ಲಿ ರೋಗವೂ ಇರಲಿಲ್ಲ. ವ್ಯಾನಿನವನು ಹೊಸ ವೈರು ಬಿಗಿದು, ಸಹಿ ಹಾಕಿಸಿಕೊಂಡು ಹೋದ. ಹೆಂಡತಿ ಪುಸ್ತಕದಿಂದ ತಲೆಯೆತ್ತಿ, “ಮುಳ್ಳು ಯಾವಾಗಲೂ ಪಟ್ಟನೆ ಬೀಳುತ್ತಿತ್ತು” ಎಂದಳು.

ಅಂದಿನಿಂದ ಎಂಜಿಬಿ ನಿಲ್ಲುವುದಿಲ್ಲ. ಯಜಮಾನನ ಮುಖದಲ್ಲಿ ಕಳೆಯಿಲ್ಲ. ಪಬ್ಬಿನ ಹೊರಗೆ ಕಾರು ನಿಲ್ಲಿಸಿದರೆ ಯಾರೂ ಹತ್ತಿರ ಬರುವುದಿಲ್ಲ. ಎರಡೂ ಮತದ ಆಚಾರ್ಯರು ಪಕ್ಕದ ಟ್ರಯಂಫ್ ಸ್ಪಿಟ್‌ಫೈರ್ ಸುತ್ತ ನೆರೆದಿರುತ್ತಾರೆ. ಹೇಳಲು ಇವನಲ್ಲೂ ಈಗ ಕತೆಯಿಲ್ಲ, ಹೋಗುತ್ತಾನೆ, ಬರುತ್ತಾನೆ.

ಹೋದ ತಿಂಗಳಿಂದ ಈತ ಜಾಹೀರಾತುಗಳಲ್ಲಿ ಟ್ರಯಂಫ್ ಸ್ಟ್ಯಾಗ್ ಹುಡುಕುತ್ತಿದ್ದಾನೆ. 1970ರಿಂದ 1977ರವರೆಗೆ ತಯಾರಾದ, ಮೂರು ಲೀಟರಿನ ವಿ-8 ಎಂಜಿನ್ನಿನ ಸೊಗಸಾದ ಕಾರು. ಅದರ ಖ್ಯಾತಿ ನಡುದಾರಿಯಲ್ಲಿ ನಿಲ್ಲುವುದಕ್ಕಲ್ಲ, ಕುದಿಯುವುದಕ್ಕೆ. ನೀರಿನ ಪಂಪನ್ನು ಎಂಜಿನ್ನಿನಲ್ಲಿ ಎತ್ತರದ ಜಾಗದಲ್ಲಿ ಕೂರಿಸಿದ್ದಾರೆ. ನೀರು ಸ್ವಲ್ಪ ಕಡಿಮೆಯಾದರೂ ಮೊದಲು ಒಣಗುವುದು ಪಂಪೇ.