ಎಕರೆ ಇಲ್ಲದವನ ತೋಟಗಾರಿಕೆ ಮೇಳ

ಹೆಸರಘಟ್ಟದ ತೋಟಗಾರಿಕೆ ಮೇಳದಲ್ಲಿ ಯಾವ ಮಳಿಗೆಯ ಮುಂದೆ ನಿಂತರೂ ಮೊದಲು ಎದುರಾಗುವುದು ಒಂದೇ ಪ್ರಶ್ನೆ: "ಎಷ್ಟು ಎಕರೆ ಸಾರ್?" ಹನಿ ನೀರಾವರಿ ಪೈಪಿನವರು ಕೇಳುತ್ತಾರೆ, ಬೀಜದವರು ಕೇಳುತ್ತಾರೆ, ಕಳೆ ಕೀಳುವ ಯಂತ್ರದವರೂ ಕೇಳುತ್ತಾರೆ. ನನ್ನ ಒಟ್ಟು ಭೂಹಿಡುವಳಿ ಇರುವುದು ಎರಡನೇ ಮಹಡಿಯ ಬಾಲ್ಕನಿಯಲ್ಲಿ, ಅದೂ ಕುಂಡದಲ್ಲಿ. ಅದರಲ್ಲೊಂದು ಕರಿಬೇವು, ಬೆಳೆಯಲೋ ಬೇಡವೋ ಎಂದು ವರ್ಷಗಟ್ಟಲೆ ಯೋಚಿಸುತ್ತ ನಿಂತಿದೆ. "ಎಕರೆ ಇಲ್ಲಪ್ಪ, ನಾನು ತಿನ್ನುವವನು" ಎಂದರೆ ಎದುರಿಗಿದ್ದವರು ನಗುತ್ತಾರೆ, ಕೊಡಲು ಚಾಚಿದ್ದ ಕರಪತ್ರವನ್ನು ಮಾತ್ರ ಮೆಲ್ಲಗೆ ಹಿಂದಕ್ಕೆಳೆದುಕೊಳ್ಳುತ್ತಾರೆ.

ಅವರ ತಪ್ಪೇನಿಲ್ಲ. ಬೆಳೆಯುವವರು, ಬೆಳೆಯುವವರಿಗೆ ಮಾರುವವರು, ಇವರಿಬ್ಬರ ನಡುವೆ ಓಡಾಡುವ ವಿಜ್ಞಾನಿಗಳು, ಅಧಿಕಾರಿಗಳು ಸೇರಿದರೆ ಮೇಳ ತುಂಬಿತು. ಎಲ್ಲ ಬೆಳೆಯೂ ಕೊನೆಗೆ ಹೋಗಿ ಸೇರುವ ಹೊಟ್ಟೆಗೆ ಅಲ್ಲೊಂದು ಕೌಂಟರ್ ಇಲ್ಲ. ಹಾಗಂತ ಬಾಗಿಲಲ್ಲಿ ಯಾರೂ ತಡೆಯುವುದೂ ಇಲ್ಲ. ಮೇಳ ನಡೆಸುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಿಂದ ಇಲ್ಲಿ ಹಣ್ಣು, ತರಕಾರಿ, ಹೂವಿನ ತಳಿಗಳನ್ನು ರೂಪಿಸುತ್ತ ಬಂದಿದೆ. ಅದಕ್ಕೂ ಮೊದಲೇ ಬೆಂಗಳೂರಿಗೆ ಈ ಊರಿನ ಋಣವಿತ್ತು: 1890ರ ದಶಕದಿಂದ ನಗರ ಕುಡಿದದ್ದು ಹೆಸರಘಟ್ಟ ಕೆರೆಯ ನೀರು. ನೀರು ಕುಡಿದವರ ವಂಶದವನು ಹಣ್ಣು ತಿನ್ನಲು ಬಂದರೆ ಅದರಲ್ಲಿ ಅತಿಕ್ರಮಣವೇನಿಲ್ಲ.

ಈ ಸಂಸ್ಥೆಯ ಮಕ್ಕಳಿಗೆಲ್ಲ 'ಅರ್ಕಾ' ಮನೆತನದ ಹೆಸರು. ಬೆಂಡೆ ಅರ್ಕಾ ಅನಾಮಿಕಾ, ಕಲ್ಲಂಗಡಿ ಅರ್ಕಾ ಮಾಣಿಕ್, ಟೊಮೆಟೊ ಅರ್ಕಾ ರಕ್ಷಕ್. ಸೀಬೆಯಲ್ಲಿ ನನಗೆ ಸಿಕ್ಕವರು ಇಬ್ಬರು: ತಿರುಳು ಕೆಂಪಗಿರುವ ಅರ್ಕಾ ಕಿರಣ್, ಬೀಜ ಮೆತ್ತಗಿರುವ ಅರ್ಕಾ ಮೃದುಲಾ. ಐವತ್ತು ದಾಟಿ ಹಲ್ಲಿನ ಡಾಕ್ಟರರ ಪರಿಚಯವಾದವರು ಮೃದುಲಾಳ ಮುಂದೆ ಕೃತಜ್ಞತೆಯಿಂದ ನಿಲ್ಲುತ್ತಾರೆ, ನಾನೂ ನಿಂತೆ. ಹೋಳು ಕೊಟ್ಟರು. ಬೀಜ ನಿಜಕ್ಕೂ ಮೆತ್ತಗಿತ್ತು. ಇನ್ನೊಂದು ಹೋಳು ಕೇಳುವುದು ಹೇಗೆಂದು ಯೋಚಿಸುತ್ತಿದ್ದಾಗ ಪಕ್ಕದ ರೈತರು "ಗಿಡದಿಂದ ಗಿಡಕ್ಕೆ ಎಷ್ಟು ಅಡಿ?" ಎಂದು ಶುರುಮಾಡಿದರು. ಅವರು ಉತ್ತರ ಬರೆದುಕೊಳ್ಳುವಷ್ಟರಲ್ಲಿ ಇನ್ನೆರಡು ಹೋಳು ಸಂದವು. ಮೇಳದಲ್ಲಿ ರೈತರ ಬೆನ್ನಿಗೆ ನಿಲ್ಲುವುದರಲ್ಲಿ ಹೀಗೂ ಒಂದು ಲಾಭವಿದೆ.

ಮುಂದಿನ ಮೇಜಿನ ಮೇಲೆ 'ಬನಾನಾ ಸ್ಪೆಷಲ್', 'ಮ್ಯಾಂಗೋ ಸ್ಪೆಷಲ್' ಎಂಬ ಪೊಟ್ಟಣಗಳು. ಐಸ್‌ಕ್ರೀಮ್ ಪಾರ್ಲರಿನ ಪಟ್ಟಿಯಂತೆ ಕೇಳಿಸುವ ಇವು ಎಲೆಗೆ ಸಿಂಪಡಿಸುವ ಸೂಕ್ಷ್ಮ ಪೋಷಕಾಂಶಗಳು. ಸತು, ಬೋರಾನ್ ಸಿಂಪಡಿಸಬೇಕಾದದ್ದು ಬಾಳೆಗೆ, ನಮಗಲ್ಲ. ಹಿಂದೆಯೇ ಒಬ್ಬ ಹುಡುಗ ಅಪ್ಪನ ಅಂಗಿ ಜಗ್ಗುತ್ತ "ನಂಗೆ ಮ್ಯಾಂಗೋದು" ಎನ್ನುತ್ತಿದ್ದ.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಅರ್ಕಾ ರಕ್ಷಕ್. ಎಲೆಮುದುಡು, ಸೊರಗು, ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವ ತಳಿ. ಚೆನ್ನಾಗಿ ನೋಡಿಕೊಂಡವರು ಒಂದೇ ಗಿಡದಲ್ಲಿ 18-19 ಕಿಲೋ ಕಿತ್ತದ್ದುಂಟು. ಕಿತ್ತ ಹಣ್ಣು ಹದಿನೈದು ದಿನ ಕೆಡುವುದಿಲ್ಲ. ಕೋಲಾರದ ಮಾರುಕಟ್ಟೆಗೆ 15 ಕಿಲೋ ಬಾಕ್ಸ್ ತುಂಬಿಸಿ ಕಳಿಸುವವನಿಗೆ ಇದೇ ಬೇಕಾದದ್ದು. 2023ರ ಜುಲೈಯಲ್ಲಿ ಅದೇ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ತಿಂಗಳುಗಳಲ್ಲಿ ಅದೇ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಇಂಥ ಬೆಳೆಯಲ್ಲಿ ಗಟ್ಟಿ ಸಿಪ್ಪೆ ಕೇಳುವ ರೈತನಿಗೆ ರುಚಿಯ ಪಾಠ ಹೇಳಹೊರಡುವುದು ಹೊಟ್ಟೆ ತುಂಬಿದವನ ಅಧಿಕಪ್ರಸಂಗ.

ಗೊತ್ತಿದ್ದೂ ಕೇಳಿದೆ: "ಸಾರಿಗೆ ಹೇಗೆ?"

ಮಳಿಗೆಯ ತರುಣ ವಿಜ್ಞಾನಿ ಫಲಕ ನೋಡಿದ. ಇಳುವರಿ, ರೋಗ ನಿರೋಧಕತೆ, ಅವಧಿ, ಬಾಳಿಕೆ ಎಂದು ನಾಲ್ಕು ಸಾಲು. ಸಾರಿನ ಸಾಲು ಇರಲಿಲ್ಲ. "ಚೆನ್ನಾಗಿರುತ್ತೆ ಸಾರ್" ಎಂದ. ನಂತರ ದನಿ ತಗ್ಗಿಸಿ, "ನಮ್ಮಮ್ಮ ಮಾತ್ರ ನಾಟಿಯನ್ನೇ ತಗೋತಾಳೆ" ಎಂದ. ಈ ಪ್ರಾಮಾಣಿಕತೆಗಾಗಿ ಅವನಿಗೆ ಬಡ್ತಿ ಸಿಗಬೇಕು.

ಅವನ ಅಮ್ಮನ ಪಕ್ಷದಲ್ಲಿ ವಿಜ್ಞಾನವೂ ಇದೆ. ಫ್ಲೋರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಸಂಗಡಿಗರು ಸುಮಾರು ನಾನೂರು ಟೊಮೆಟೊ ತಳಿಗಳನ್ನು ಪರೀಕ್ಷಿಸಿ, ಇಂದಿನ ವಾಣಿಜ್ಯ ತಳಿಗಳಲ್ಲಿ ಪರಿಮಳದ ಅಂಶಗಳು ಹಳೆಯವಕ್ಕಿಂತ ಬಹಳ ಕಡಿಮೆಯಾಗಿವೆ ಎಂದು 2017ರಲ್ಲಿ ಪ್ರಕಟಿಸಿದರು. ಗಾತ್ರಕ್ಕೆ, ಇಳುವರಿಗೆ, ಸಾಗಾಟಕ್ಕೆ ಆರಿಸುತ್ತ ಹೋದವರು ಪರಿಮಳವನ್ನು ಬೇಕೆಂದು ಬಿಡಲಿಲ್ಲ. ಯಾರೂ ವಿಚಾರಿಸದ ಕಾರಣ ಅದು ತಾನಾಗಿ ಎದ್ದುಹೋಯಿತು. ಉಳಿದಷ್ಟನ್ನೂ ನಾವು ಫ್ರಿಜ್ಜಿನಲ್ಲಿಟ್ಟು ಕೊಲ್ಲುತ್ತೇವೆ: ಹೆಚ್ಚು ದಿನ ತಣ್ಣಗಿದ್ದ ಟೊಮೆಟೊ ಹೊರಗಿಟ್ಟ ಮೇಲೂ ತನ್ನ ಪರಿಮಳವನ್ನು ಪೂರ್ತಿ ಮರಳಿ ಪಡೆಯುವುದಿಲ್ಲ.

ಸಿಹಿಗಾದರೆ ಅಳತೆಗೋಲಿದೆ. ರಸದ ಒಂದು ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿಗೆ ಹಾಕಿ ಬೆಳಕಿಗೆ ಹಿಡಿದರೆ ಬ್ರಿಕ್ಸ್ ಸಂಖ್ಯೆ ಕಾಣುತ್ತದೆ. ತುಮಕೂರು ಜಿಲ್ಲೆಯ ಚೇಳೂರಿನ 'ಸಿದ್ದು' ಹಲಸಿನದು 31ರ ಆಸುಪಾಸು. ತಾಮ್ರಗೆಂಪಿನ ತೊಳೆ, ಹಣ್ಣು ಎರಡೂವರೆ ಕಿಲೋ ಆಸುಪಾಸಿನದು, ಸಂಸಾರವೊಂದು ಒಂದೇ ಸಲಕ್ಕೆ ಮುಗಿಸುವಂಥದು. ರೈತರೊಬ್ಬರ ಹೊಲದಲ್ಲಿದ್ದ ಒಂಟಿ ಮರವದು. ಸಂಸ್ಥೆ ಅದರ ಕಸಿ ಗಿಡಗಳನ್ನು ಮಾಡಿ, ಮಾರಾಟದ ಹಣದಲ್ಲಿ ಹೆಚ್ಚಿನ ಪಾಲು ಆ ಮನೆಗೇ ಹೋಗುವಂತೆ ಒಪ್ಪಂದ ಮಾಡಿಕೊಂಡಿತು. ಗಮನಿಸಿ, ಆ ಮರವನ್ನು ಮೊದಲು ಗುರುತಿಸಿದ್ದು ಯಾವ ಉಪಕರಣವೂ ಅಲ್ಲ, ಹಣ್ಣು ತಿಂದ ನೆಂಟರಿಷ್ಟರ ಬಾಯಿ. ನಮ್ಮ ಪಂಗಡಕ್ಕೆ ಸಂದ ಜಯವೆಂದು ಇದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಮಧ್ಯಾಹ್ನ ಮರದ ನೆರಳಲ್ಲಿ ಸಿಕ್ಕ ಚಿಕ್ಕಬಳ್ಳಾಪುರದ ಬೆಳೆಗಾರರೊಬ್ಬರು ಗುಲಾಬಿ ಈರುಳ್ಳಿಯ ವಿಷಯ ತೆಗೆದರು. ಬೆಂಗಳೂರಿನ ಹೆಸರಿನಲ್ಲೇ ಭೌಗೋಳಿಕ ಸೂಚಿ ಇರುವ ಬೆಳೆ, ಬಹುಪಾಲು ಹೋಗುವುದು ಸಿಂಗಪುರ, ಮಲೇಷ್ಯಾಗಳಿಗೆ. "ಇಲ್ಲಿಯವರಿಗೆ ಅದು ಸಣ್ಣದು, ಖಾರ" ಎಂದರು. ಅಂದರೆ ಬೆಂಗಳೂರಿನ ಈರುಳ್ಳಿ ತಿನ್ನಬೇಕಾದ ಬೆಂಗಳೂರಿನವನಿಗೆ ಪಾಸ್‌ಪೋರ್ಟ್ ಬೇಕು. ಹಾಪ್‌ಕಾಮ್ಸ್ ಕಟ್ಟಿದ ಮರೀಗೌಡರಿದ್ದಿದ್ದರೆ ಏನನ್ನುತ್ತಿದ್ದರೋ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಆ ಸಂಸ್ಥೆಯ ಉದ್ದೇಶವೇ ಬೆಳೆದವನಿಗೂ ತಿನ್ನುವವನಿಗೂ ನೇರ ನಂಟು ಹಾಕುವುದಾಗಿತ್ತು.

ಮಾತು ಮುಗಿಸಿ ಊಟ ಹುಡುಕಿದೆ. ನೂರಾರು ತಳಿಯ ತಾಜಾ ತರಕಾರಿಗಳ ನಡುವೆ ಅತಿ ಉದ್ದದ ಸಾಲು ಇದ್ದದ್ದು ಗೋಬಿ ಮಂಚೂರಿಯ ಗಾಡಿಯ ಮುಂದೆ. ನಾನೂ ಆ ಸಾಲಿನಲ್ಲಿದ್ದೆ. ಕೋಸು ಯಾವ ತಳಿಯದೆಂದು ಅಲ್ಲಿ ಯಾರೂ ಕೇಳಲಿಲ್ಲ, ಆ ಸಾಸಿನಡಿ ಕೇಳಿಯೂ ಪ್ರಯೋಜನವಿರಲಿಲ್ಲ.

ಮೇಳ ಸಾಮಾನ್ಯವಾಗಿ ಫೆಬ್ರವರಿಯ ಆಚೀಚೆ ನಡೆಯುತ್ತದೆ. ಎಕರೆ ಇಲ್ಲದವರೂ ಹೋಗಬಹುದು. ಬಿಸಿಲಿಗೆ ಟೋಪಿ, ಗಿಡ ತರಲು ಗಟ್ಟಿ ಚೀಲ ಇರಲಿ. ಟೊಮೆಟೊ ಮಳಿಗೆಯಲ್ಲಿ ಸಂಕೋಚಪಡದೆ ಸಾರಿನ ವಿಷಯ ಕೇಳಿ. ಕೇಳುವವರು ಹೆಚ್ಚಿದರೆ ಆ ಫಲಕಕ್ಕೆ ಐದನೆಯ ಸಾಲೊಂದನ್ನು ಸೇರಿಸಲೇಬೇಕಾಗುತ್ತದೆ.