ರೂಮು ಖಾಲಿ ಐತೆ, ಕೊಡೋ ಹಂಗಿಲ್ಲ

ಚಿತ್ರದುರ್ಗ ಜಿಲ್ಲೆಯಲ್ಲಿ, ಹೆದ್ದಾರಿಯಿಂದ ಎರಡು ತಿರುವು ಒಳಗೆ, ಹೊಂಗೆ ಮರಗಳ ಮರೆಯಲ್ಲಿರುವ ಈ ಪ್ರವಾಸಿ ಮಂದಿರದ ವಿಳಾಸ ಬರೆಯುವಂತಿಲ್ಲ. ಚಿತ್ರದುರ್ಗವೋ ಹಿರಿಯೂರೋ ಹೊಸದುರ್ಗವೋ ಹೊಳಲ್ಕೆರೆಯೋ, ತಾಲ್ಲೂಕಿನ ಹೆಸರನ್ನೂ ಹೇಳುವಂತಿಲ್ಲ. ಸಂದರ್ಶನಕ್ಕೆ ಒಪ್ಪುವ ಮೊದಲು ಅದು ಹಾಕಿದ ಷರತ್ತು ಅದೊಂದೇ. “ವರ್ಗಾವಣೆಗೆ ನಾನು ಹೆದರೋನಲ್ಲ, ಗೋಡೆ ಕಿತ್ತು ಬೀದರಿಗೆ ಹಾಕೋಕಾಗಲ್ಲ. ಪೇಪರಲ್ಲಿ ಹೆಸರು ಬಂದ್ರೆ ದುರಸ್ತಿಗೆ ಟೆಂಡರ್ ಕರೀತಾರೆ. ಅದಕ್ಕೆ ಭಯ” ಎಂದಿತು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಳೆಯ ಕಲ್ಲುಮನೆಗಳನ್ನು ವಾರದ ಲೆಕ್ಕದಲ್ಲಿ ರಜೆಗೆ ಬಂದವರಿಗೆ ಬಾಡಿಗೆ ಕೊಟ್ಟು ಬದುಕುವ ಕುಟುಂಬಗಳಿವೆ. ಹಾಸಿಗೆ, ಬಿಸಿನೀರು, ಬೀಗದಕೈ, ಬಂದವರ ತಕರಾರು, ಇಷ್ಟರಲ್ಲೇ ಅವರ ದಿನ ಕಳೆಯುತ್ತದೆ. ನಮ್ಮ ಕಡೆ ಇದೇ ಕಸುಬನ್ನು ನೂರು ವರ್ಷದಿಂದ ಮಾಡಿಕೊಂಡು ಬಂದಿರುವುದು ಇಂಥ ಪ್ರವಾಸಿ ಮಂದಿರ, ಅಂದರೆ ಐಬಿ (ಇನ್‌ಸ್ಪೆಕ್ಷನ್ ಬಂಗಲೆ). ವ್ಯತ್ಯಾಸವೇನೆಂದರೆ, ಅದರಿಂದ ಯಾರ ಮನೆಯೂ ನಡೆದಿಲ್ಲ.

ನಾನು: ಯಜಮಾನ್ರೆ, ತಮಗೆ ವಯಸ್ಸೆಷ್ಟು?

ಐಬಿ: ಮಾರಿಕಣಿವೆ ಕಟ್ಟೆ, ಅದೇ ವಾಣಿವಿಲಾಸ ಸಾಗರದ ಕಟ್ಟೆ ಕೆಲಸ 1907ರಲ್ಲಿ ಮುಗೀತಲ್ಲ, ಆವಾಗ ಮಿಕ್ಕಿದ ಗಾರೆ ನನ್ನ ಗೋಡೆಗೆ ಬಂತು ಅಂತ ನನ್ನ ಅಡುಗೆ, ಕಾವಲು ಎಲ್ಲ ನೋಡ್ಕೊಳ್ಳೋ ಮೇಟಿ ಹೇಳ್ತಾನೆ. ದಾಖಲೆ ಕೇಳಬೇಡ ತಮ್ಮಾ, ಗೆದ್ದಲು ತಿಂದೈತೆ. ಕುದುರೆ ಮೇಲೆ ಕಾಲುವೆ ನೋಡೋಕೆ ಬರೋ ಎಂಜಿನಿಯರಿಗೆ ಕತ್ತಲಾದ್ರೆ ಮಲಗೋಕೆ ಒಂದು ಸೂರು ಬೇಕಿತ್ತು, ಅದಕ್ಕೆ ನನ್ನ ಕಟ್ಟಿದ್ರು. ಮೈಸೂರು ಸಂಸ್ಥಾನದ ಕಾಲದಲ್ಲಿ ನಮ್ಮಂಥ ಬಂಗಲೆಗಳಿಗೆ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಅಂತ ಇತ್ತು. ಈಗ ಕಟ್ಟಡಕ್ಕೆ ದರ್ಜೆ ಇಲ್ಲ, ಬರೋರಿಗೆ ಮಾತ್ರ ಐತೆ.

ನಾನು: ದಿನಚರಿ ಹೇಗಿರುತ್ತದೆ?

ಐಬಿ: ಬೆಳಗ್ಗೆ ಆರಕ್ಕೆ ಮೇಟಿ ಬರ್ತಾನೆ. ಜಗಲಿ ಗುಡಿಸ್ತಾನೆ. ಆಮೇಲೆ ವಿಐಪಿ ಸೂಟಿನ ಬೀಗ ತೆಗೀತಾನೆ. ಕಿಟಕಿ ತೆಗೆದು, ಮುಗ್ಗಲು ವಾಸನೆ ಹೋಗಲಿ ಅಂತ ಫ್ಯಾನು ಹಾಕಿ, ಹಾಸಿಗೆ ಮೇಲಿನ ಬೆಡ್‌ಶೀಟು ತೆಗೆದು ಹೊರಗೆ ಝಾಡಿಸಿ, ಮತ್ತೆ ಸುಕ್ಕಿಲ್ಲದಂಗೆ ಹಾಸಿ, ದಿಂಬು ಎರಡು ಏಟು ಹೊಡೆದು ಇಟ್ಟು, ಕಿಟಕಿ ಹಾಕಿ, ಫ್ಯಾನು ಆರಿಸಿ, ಬೀಗ ಹಾಕ್ತಾನೆ. ಮಾರನೇ ದಿನ ಮತ್ತೆ ಅದೇ. ಯಾರೂ ಮಲಗದ ಹಾಸಿಗೇನ ದಿನಾ ಎಬ್ಬಿಸ್ತಾನೆ ನೋಡು.

ನಾನು: ಯಾರೂ ಮಲಗುವುದಿಲ್ಲವೆ? ಹೊರಗೆ ಇಬ್ಬರು ಬ್ಯಾಗು ಹಿಡಿದು ರೂಮು ಕೇಳುತ್ತಿದ್ದರಲ್ಲ?

ಐಬಿ: (ದನಿ ಬದಲಿಸಿ) ಸದರಿ ಕೊಠಡಿಯನ್ನು ಮಾನ್ಯರ ಸಂಭಾವ್ಯ ಭೇಟಿಯ ಹಿನ್ನೆಲೆಯಲ್ಲಿ ಕಾಯ್ದಿರಿಸಲಾಗಿದ್ದು, ಸಾರ್ವಜನಿಕರಿಗೆ ನೀಡಲು ಅವಕಾಶವಿರುವುದಿಲ್ಲ.

ನಾನು: ಯಾವ ಮಾನ್ಯರು?

ಐಬಿ: ಅದು ಬಂದಮೇಲೆ ಗೊತ್ತಾಗ್ತದೆ. ಬರ್ತಾರೆ ಅನ್ನೋದು ಮುಖ್ಯ. ಹೋಟೆಲ್ಲಿನೋನು ಬಂದೋರಿಗೆ ರೂಮು ಕೊಡ್ತಾನೆ ತಮ್ಮಾ, ನಾನು ಬರಬೌದಾದೋರಿಗೆ ಇಟ್ಟಿರ್ತೀನಿ. ರೂಮು ಖಾಲಿ ಐತೆ, ಕೊಡೋ ಹಂಗಿಲ್ಲ. ಈ ಮಾತು ನನ್ನ ಮೇಟಿ ನಿದ್ದೇಲೂ ಹೇಳ್ತಾನೆ.

(ಈ ಹಂತದಲ್ಲಿ ಒಳಗಿನ ಹಜಾರದಲ್ಲಿ ಕೂರಲು ನನಗೆ ಅವಕಾಶ ಸಿಕ್ಕಿತು. ನಡುವೆ ದೊಡ್ಡದೊಂದು ತೇಗದ ಕುರ್ಚಿ, ಅದರ ಬೆನ್ನಿಗೆ ಬಿಳಿ ಟರ್ಕಿ ಟವೆಲ್ಲು. ಅದರಲ್ಲಿ ಕೂರಬೇಡಿ ಎಂದು ಯಾರೂ ಹೇಳಲಿಲ್ಲ. ಆದರೂ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತೆ. ನಮ್ಮ ನಾಡಿನಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.)

ನಾನು: ಈ ಟವೆಲ್ಲಿನ ವಿಚಾರ?

ಐಬಿ: ಅದು ಒಂದೇ ಐತೆ. ತಹಶೀಲ್ದಾರ್ರು ಬಂದ್ರೆ ಎರಡು ಮಡಿಕೆ ಮಡಚಿ ಹಾಕ್ತಾನೆ. ಎಸಿ ಸಾಹೇಬ್ರು ಬಂದ್ರೆ ಒಂದು ಮಡಿಕೆ. ಡಿಸಿ ಬಂದ್ರೆ ಪೂರ್ತಿ ಬಿಡಿಸ್ತಾನೆ, ನೆಲಕ್ಕೆ ತಾಗೋವರ್ಗೂ. ಮಂತ್ರಿಗಳು ಬಂದಾಗ ಹೊಸ ಟವೆಲ್ಲು ಬರ್ತದೆ, ಹೊಸ ಸೋಪು ಬರ್ತದೆ, ಪರದೆ ಬರ್ತದೆ. ಕಾರುಗಳು ಹೋದ ಮೇಲೆ ನೋಡಿದ್ರೆ ಅವೂ ಹೋಗಿರ್ತವೆ. ಹಿಂಗಾಗಿ ನನ್ನಲ್ಲಿ ಯಾವಾಗಲೂ ಹಳೇದೇ ಉಳಿಯೋದು. ಸುಣ್ಣ ಬಳೀತಾರೆ, ರಸ್ತೆಗೆ ಕಾಣೋ ಗೋಡೆಗೆ. ಹಿತ್ತಲ ಗೋಡೆ ಬಣ್ಣ ನೋಡಿ ಎಷ್ಟು ವರ್ಷ ಆಯ್ತು ಅಂತ ಮೇಟಿನೇ ಮರ್ತವ್ನೆ.

ನಾನು: ಕೊಠಡಿಗಳಿಗೆ ನದಿಗಳ ಹೆಸರು ಇಟ್ಟಿದ್ದಾರೆ.

ಐಬಿ: ಹ್ಞೂಂ. ‘ವೇದಾವತಿ’ ಅಂತ ಒಂದು ರೂಮು. ಅದರ ನಲ್ಲೀಲಿ ನೀರು ಬರಲ್ಲ. ಹೆಸರಿಟ್ಟೋರು ಬಲು ತಿಳಿದೋರು! ವೇದಾವತಿಗೆ ಕಟ್ಟಿದ ಮಾರಿಕಣಿವೆ 1933ರಲ್ಲಿ ಒಂದು ಸಲ ಕೋಡಿ ಬಿತ್ತು. ಆಮೇಲೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ. ಆ ರೂಮಿನ ನಲ್ಲಿಗೂ ಇನ್ನೂ ಟೈಮೈತೆ ಅಂತ ಕಾಯ್ತಾ ಇದೀವಿ. ಪಕ್ಕದ್ದು ‘ಭದ್ರಾ’. ಅದರ ಬಾಗಿಲ ಮೇಲೆ ಬೋರ್ಡು ಐತೆ, ಒಳಗೆ ಕೆಲಸ ನಡೀತಾ ಐತೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ಅಂದ ದಿನ ಇದೇ ಹಜಾರದಲ್ಲಿ ಮೈಸೂರು ಪಾಕು ಹಂಚಿದ್ರು. ಆಮೇಲೆ ದುಡ್ಡು ಎಲ್ಲಿ ಅಂತ ಕೇಳೋ ಹೋರಾಟದ ಸಭೆನೂ ಇಲ್ಲೇ ಆಯ್ತು. ಎರಡಕ್ಕೂ ಟೀ ಮೇಟಿದೇ.

ನಾನು: 2022ರ ಕೋಡಿ ನೋಡಲು ಬಹಳ ಜನ ಬಂದಿದ್ದರಂತೆ.

ಐಬಿ: ಅಯ್ಯೋ, ಆ ಜನ! ವಾಣಿವಿಲಾಸ ಸಾಗರ ತುಂಬೋದನ್ನ ತಾತ ಹೇಳಿದ್ದು ಕೇಳಿದ್ದೋರು, ಕಣ್ಣಾರೆ ನೋಡೋಣ ಅಂತ ಬಂದ್ರು. ಟ್ರ್ಯಾಕ್ಟರಲ್ಲಿ ಬಂದ್ರು, ಮುದುಕೀರನ್ನ ಎತ್ತಿಕೊಂಡು ಬಂದ್ರು. ಕಣಿವೆ ಮಾರಮ್ಮಂಗೆ ಹಣ್ಣುಕಾಯಿ ಮಾಡಿಸ್ಕೊಂಡು ಅಲ್ಲೇ ಬುತ್ತಿ ಬಿಚ್ಚಿದ್ರು. 2025ರ ಜನವರೀಲಿ ಮತ್ತೆ ಕೋಡಿ ಬಿತ್ತು, ಮತ್ತೆ ಬಂದ್ರು. ರಾತ್ರಿ ಉಳಿಯೋಕೆ ಜಾಗ ಕೇಳಿದ್ರು. ಆದ್ರೆ ಬಾಗಿನ ಬಿಡೋಕೆ ದೊಡ್ಡೋರು ಬರ್ತಾರಲ್ಲ! ರೂಮುಗಳಿಗೆಲ್ಲ ಬೀಗ. ಒಬ್ಬಜ್ಜಿ ನನ್ನ ಜಗಲಿ ಮೇಲೆ ಮಲಗಿದ್ಲು. ಮೇಟಿ ನೋಡದಂಗೆ ಮಾಡಿ ಕಂಬಳಿ ಕೊಟ್ಟ. ನನ್ನ ಇಡೀ ಸರ್ವೀಸಿನಲ್ಲಿ ನಿಜವಾದ ಪ್ರವಾಸಿ ಅಂತ ಉಳಿದಿದ್ದು ಅವಳೇ ಇರಬೇಕು.

ನಾನು: ಇಂಗ್ಲೆಂಡಿನಲ್ಲಿ 1965ರಲ್ಲಿ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆ ಶುರುವಾಯಿತು. ಬೀಳುವ ಹಂತದ ಹಳೆಯ ಕಟ್ಟಡಗಳನ್ನು, ಗೋಪುರಗಳನ್ನೂ ಸಹ, ರಿಪೇರಿ ಮಾಡಿ ರಜೆಗೆ ಬರುವವರಿಗೆ ಕೊಡುತ್ತಾರೆ. ಬಾಡಿಗೆ ಹಣದಲ್ಲಿ ಕಟ್ಟಡ ನೋಡಿಕೊಳ್ಳುತ್ತಾರೆ. ಟಿವಿ ಇಡುವುದಿಲ್ಲ, ಬಂದವರು ಬರೆಯಲು ಒಂದು ಪುಸ್ತಕ ಇಡುತ್ತಾರೆ.

ಐಬಿ: ಟಿವಿ ನನ್ನಲ್ಲೂ ಇಲ್ಲ. ಇತ್ತು. ಪುಸ್ತಕ ಐತೆ ನೋಡು, ಆ ಕೆಂಪು ರಟ್ಟಿಂದು. ಹೆಸರು, ಹುದ್ದೆ, ಬಂದ ಉದ್ದೇಶ, ಸಹಿ. ಉದ್ದೇಶದ ಕಾಲಮ್ಮಿನಲ್ಲಿ ಎಲ್ಲಾರ್ದೂ ಒಂದೇ, ‘ಸರ್ಕಾರಿ ಕೆಲಸ’. ಮದುವೆ ದಿಬ್ಬಣದೋರು ಸರ್ಕಾರಿ ಕೆಲಸ. ಇಸ್ಪೀಟಿನೋರು ಸರ್ಕಾರಿ ಕೆಲಸ. ಹೊಸದಾಗಿ ಮದುವೆ ಆದ ಜೋಡಿ, ಹುಡುಗನ ಮಾವ ಗುತ್ತಿಗೆದಾರ, ಅವರೂ ಅದನ್ನೇ ಬರೆದವ್ರೆ.

ನಾನು: ಅಲ್ಲಿನ ಹಳ್ಳಿಗಾಡಿನ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಶನಿವಾರ ಅದಲುಬದಲಿನ ದಿನ. ಬೆಳಗ್ಗೆ ಹತ್ತಕ್ಕೆ ಹಳಬರು ಖಾಲಿ ಮಾಡಬೇಕು, ಸಂಜೆ ನಾಲ್ಕಕ್ಕೆ ಹೊಸಬರು ಬರುತ್ತಾರೆ. ಆ ಆರು ತಾಸಿನಲ್ಲಿ ಮನೆಯೊಡತಿ ಹಾಸಿಗೆ ಬದಲಿಸಿ, ಬಚ್ಚಲು ತೊಳೆದು, ಹೊಸಬರಿಗೆಂದು ಹಾಲು, ಬ್ರೆಡ್ಡು ಇಟ್ಟು ಹೋಗುತ್ತಾಳೆ. ಆಮೇಲೆ ಬಂದವರು ಸ್ಟಾರು ಕೊಡುತ್ತಾರೆ. ನಾಯಿ ಕೂದಲು ಕಂಡರೆ ಒಂದು ಸ್ಟಾರು ಕಮ್ಮಿ.

ಐಬಿ: ಆ ತಾಯಿಗೆ ನಮಸ್ಕಾರ ಹೇಳು. ನನ್ನ ಹತ್ರ ಬರೋ ಸ್ಟಾರು ಪೊಲೀಸರ ಹೆಗಲ ಮೇಲೆ ಇರ್ತವೆ, ಅವನ್ನ ಯಾರೂ ಇಲ್ಲಿ ಬಿಟ್ಟು ಹೋಗಲ್ಲ. ನಾಯಿ ಅಂದ್ಯಲ್ಲ, ನನ್ನಲ್ಲಿ ಖಾಯಂ ವಾಸ ಇರೋದು ಅದೊಂದೇ. ‘ತುಂಗಾ’ ರೂಮಿನ ಬಾಗಿಲ ಮುಂದೆ. ಇನ್ನು ಹತ್ತಕ್ಕೆ ಖಾಲಿ ಮಾಡೋದು ಅಂದ್ರೆ? ಒಬ್ಬ ಮಾಜಿಗಳು ಚುನಾವಣೆ ಸೋತ ಮೇಲೂ ಎರಡು ವರ್ಷ ಖಾಲಿ ಮಾಡಿರಲಿಲ್ಲ.

ನಾನು: ಚುನಾವಣೆ ಬಂದಾಗ ನಿಮಗೆ ಕೆಲಸ ಹೆಚ್ಚೆ?

ಐಬಿ: ಬರೋಕೆ ಮುಂಚೆ ಹೆಚ್ಚು. ಟಿಕೆಟ್ಟು ಯಾರಿಗೆ ಅನ್ನೋದು ಮೊದಲು ನನ್ನ ಗೋಡೆಗೆ ಗೊತ್ತಾಗ್ತದೆ, ಆಮೇಲೆ ಬೆಂಗಳೂರಿಗೆ. ಬಂಡಾಯದೋರನ್ನ ಒಳಗೆ ಕರ್ಕೊಂಡು ಹೋಗಿ ಚಿಲಕ ಹಾಕ್ತಾರೆ, ಹೊರಗೆ ಬರುವಾಗ ಎಲ್ಲಾರೂ ನಗ್ತಾ ಬರ್ತಾರೆ. ವರ್ಗಾವಣೆ ಪಟ್ಟಿ, ಗುತ್ತಿಗೆ ರಾಜಿ, ಗಂಡ ಹೆಂಡ್ತಿ ಪಂಚಾಯ್ತಿ, ಸುದ್ದಿಗೋಷ್ಠಿ, ಎಲ್ಲ ಆಗಿಹೋಗೈತೆ ಇಲ್ಲಿ. ಆಯೋಗ ದಿನಾಂಕ ಪ್ರಕಟಿಸಿತು ಅಂದ್ರೆ ಮುಗೀತು. ನೀತಿಸಂಹಿತೆ! ರಾಜಕೀಯದೋರು ಇತ್ತ ತಲೆ ಹಾಕೋ ಹಂಗಿಲ್ಲ. ಮೇಟಿ ಮಧ್ಯಾಹ್ನ ನಿದ್ದೆ ಮಾಡ್ತಾನೆ, ಹಿತ್ತಲ ಮಾವಿನಕಾಯಿ ಹಣ್ಣಾಗೋವರ್ಗೂ ಮರದಲ್ಲೇ ಉಳೀತವೆ. ರಜೆ ಮನೆ ರಜೆ ಮನೆ ಅಂತೀಯಲ್ಲ, ನನಗೆ ರಜೆ ಸಿಗೋದು ಐದು ವರ್ಷಕ್ಕೆ ಎರಡೋ ಮೂರೋ ಸಲ.

ನಾನು: ಊಟದ ವ್ಯವಸ್ಥೆ?

ಐಬಿ: ಅದು ದೊಡ್ಡ ಕತೆ. ಸಾಹೇಬ್ರು ಬೆಳಗ್ಗೆ ಫೋನು ಮಾಡಿಸ್ತಾರೆ, “ಸಿಂಪಲ್ಲಾಗಿ ಏನಾದ್ರೂ ಸಾಕು” ಅಂತ. ಸಿಂಪಲ್ ಅಂದ್ರೆ ನಾಟಿಕೋಳಿ ಸಾರು, ರಾಗಿಮುದ್ದೆ, ಮೊಟ್ಟೆ, ಅನ್ನ, ತಿಳಿಸಾರು, ಗಟ್ಟಿ ಮೊಸರು. ಜೊತೇಲಿ ಬಂದೋರಲ್ಲಿ ಶನಿವಾರ ಮಾಡೋರು ಇರ್ತಾರೆ, ಅವರಿಗೆ ಬಸ್ಸಾರು, ಹುಚ್ಚೆಳ್ಳು ಚಟ್ನಿ ಬೇರೆ. ಕೋಳಿ ಹುಡುಕೋಕೆ ಮೇಟಿ ಹಟ್ಟಿಗೆ ಹೋಗ್ತಾನೆ. ಬಾಡಿಗೆಗೆ ರಸೀದಿ ಐತೆ, ಕೋಳಿಗೆ ಇಲ್ಲ. ಎಂಟು ಜನ ಅಂದಿರ್ತಾರೆ, ಇಪ್ಪತ್ತು ಜನ ಉಣ್ತಾರೆ. ಕೈ ತೊಳೆದು, “ಚೆನ್ನಾಗಿತ್ತಪ್ಪ, ನಮ್ಮಮ್ಮನ ಕೈರುಚಿ ನೆನಪಾಯ್ತು” ಅಂತಾರೆ. ಕಾರು ಹತ್ತಾರೆ. ದುಡ್ಡು? ಪಿಎ ಕೊಡ್ತಾನೆ ಅಂತ ಸಾಹೇಬ್ರು, ಕಂಟ್ರಾಕ್ಟರು ಕೊಡ್ತಾನೆ ಅಂತ ಪಿಎ, ಬಿಲ್ಲು ಪಾಸಾಗ್ಲಿ ಅಂತ ಕಂಟ್ರಾಕ್ಟರು. ಕೋಳಿ ಕೊಟ್ಟ ಹಟ್ಟಿಯ ಅಕ್ಕ ಮಾತ್ರ ಮೇಟಿ ಹೆಂಡ್ತೀನ ಕೇಳ್ತಾಳೆ.

(ಐಬಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಅಡುಗೆಮನೆ ಬಾಗಿಲ ಹಿಂದೆ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಲೆಕ್ಕ ಕಂಡೆ. ಕೋಳಿ, ಕಾಯಿ, ಬೀಡಾ ಎಂದು ಮೂರು ಸಾಲು. ಒಂದೂ ಹೊಡೆದುಹಾಕಿರಲಿಲ್ಲ.)

ನಾನು: ಚಿತ್ರದುರ್ಗಕ್ಕೆ ಪ್ರವಾಸಿಗರಿಗೇನೂ ಕೊರತೆಯಿಲ್ಲ. ಅವರೆಲ್ಲ ಎಲ್ಲಿ ಉಳಿಯುತ್ತಾರೆ?

ಐಬಿ: ಉಳಿಯಲ್ಲ! ಅದೇ ನಾನು ಹೇಳೋದು. ಬೆಂಗಳೂರಿಂದ 200 ಕಿಲೋಮೀಟರ್. ಬೆಳಗ್ಗೆ ಬರ್ತಾರೆ, ಏಳುಸುತ್ತಿನ ಕೋಟೆ ಹತ್ತಾರೆ, ಓಬವ್ವನ ಕಿಂಡಿ ಮುಂದೆ ಫೋಟೋ ತೆಗೀತಾರೆ, ಮಂಡಕ್ಕಿ ಮೆಣಸಿನಕಾಯಿ ತಿಂತಾರೆ, ಕತ್ತಲಿಗೆ ತುಮಕೂರು ದಾಟಿರ್ತಾರೆ. ಚಂದ್ರವಳ್ಳಿ ನೋಡೋಕೆ ಪುರುಸೊತ್ತಿಲ್ಲ. ಕದಂಬರ ಮಯೂರಶರ್ಮನ ಶಾಸನ ಅಲ್ಲೈತೆ, 1947ರಲ್ಲಿ ಪುರಾತತ್ವದ ವ್ಹೀಲರ್ ಸಾಹೇಬ ಬಂದು ನೆಲ ಅಗೆದು ನೋಡಿದ ಜಾಗ ಅದು. ಜೋಗಿಮಟ್ಟಿ ಮೇಲೆ ಬೆಳಗಿನ ಮಂಜು ನೋಡಬೇಕು ಅಂದ್ರೆ ಹಿಂದಿನ ರಾತ್ರಿ ಊರಲ್ಲಿ ಇರಬೇಕಲ್ವಾ? ಸಾಣೇಹಳ್ಳೀಲಿ ನಾಟಕೋತ್ಸವ ನಡೀತದೆ, ನಾಟಕ ಮುಗಿಯೋ ಹೊತ್ತಿಗೆ ರಾತ್ರಿ ಆಗಿರ್ತದೆ. ಉಳಿಯೋನು ನಾಲ್ಕು ಕಡೆ ತಿರುಗ್ತಾನೆ, ನಾಲ್ಕು ಅಂಗಡೀಲಿ ಕೊಳ್ತಾನೆ. ಓಡಿ ಬಂದು ಓಡಿ ಹೋಗೋನು ಟೋಲು ಕಟ್ಟಿ ಹೋಗ್ತಾನೆ.

ನಾನು: ಅಂದರೆ ನಿಮ್ಮ ಕೊಠಡಿಗಳನ್ನು ಜನರಿಗೆ ತೆರೆಯಬೇಕು ಎನ್ನುತ್ತೀರಿ.

ಐಬಿ: ಸದರಿ ವಿಷಯವು ನೀತಿ ನಿರೂಪಣೆಗೆ ಸಂಬಂಧಿಸಿದ್ದು… (ತಡೆದು) ಹೌದು ತಮ್ಮಾ, ತೆರೀಬೇಕು. ನನ್ನ ಹೆಸರೇ ಪ್ರವಾಸಿ ಮಂದಿರ.

ನಾನು: ಕೊನೆಯದಾಗಿ ಒಂದು. ದುರ್ಗದಲ್ಲಿ ‘ನಾಗರಹಾವು’ ಚಿತ್ರೀಕರಣದ ಸಮಯದಲ್ಲಿ ನಿರ್ದೇಶಕ ಪುಟ್ಟಣ್ಣನವರ ತಂಡ ಇಲ್ಲಿ ಉಳಿದಿತ್ತೆ?

ಐಬಿ: ಆ ಸಿನಿಮಾ 1972ರದ್ದು. ಈ ಜಿಲ್ಲೆಯ ಯಾವ ಐಬಿ ಕೇಳಿದ್ರೂ ನನ್ನಲ್ಲೇ ಉಳಿದಿದ್ರು ಅಂತದೆ. ಒಬ್ಬರು ಬಂದು ವಿಷ್ಣುವರ್ಧನ್ ಮಲಗಿದ್ದ ಮಂಚ ತೋರಿಸು ಅಂದ್ರು. ಮೇಟಿ ಒಂದು ಮಂಚ ತೋರಿಸಿದ. ನಾನು ಹೌದು ಅನ್ನಲ್ಲ, ಇಲ್ಲ ಅನ್ನಲ್ಲ.

ನಾನು: ನನಗೆ ಈ ರಾತ್ರಿಗೆ ಒಂದು ರೂಮು ಸಿಕ್ಕೀತೆ?

ಐಬಿ: ಕಚೇರೀಲಿ ಅರ್ಜಿ ಕೊಟ್ಟಿದೀಯಾ? ಮೇಲಿನೋರ ಫೋನು ಐತಾ? ಇಲ್ಲ ಅಂದ್ರೆ ಹಿರಿಯೂರು ಕಡೆ ಕೊನೇ ಬಸ್ಸು ಇನ್ನೇನು ಬರ್ತದೆ, ಹೊರಡು. ಬರೆಯೋದೇ ಆದ್ರೆ ನಿನ್ನ ಓದುಗರಿಗೆ ಇಷ್ಟು ಬರಿ: ಹೆಂಗಾದ್ರೂ ಮಾಡಿ ಪತ್ರ ತಗೊಂಡು ಯಾವುದಾದ್ರೂ ಐಬೀಲಿ ಉಳಿಯೋ ಯೋಗ ಬಂದ್ರೆ, ಸೋಪು ನೀವೇ ತನ್ನಿ, ಸೊಳ್ಳೆಬತ್ತಿ ನೀವೇ ತನ್ನಿ. ಪುಸ್ತಕದಲ್ಲಿ ಬಂದ ಉದ್ದೇಶ ‘ಊರು ನೋಡೋಕೆ’ ಅಂತ ಧೈರ್ಯವಾಗಿ ಬರೀರಿ. ಉಂಡಿದ್ರೆ ಕಾರು ಹತ್ತೋಕೆ ಮುಂಚೆ ಕೋಳಿ ದುಡ್ಡು ಮೇಟಿ ಕೈಗೇ ಕೊಡಿ, ಪಿಎ ಕೈಗೆ ಬೇಡ.