ತಲೆ ತಗ್ಗಿಸಿದವರ ದಾರಿ

ಪ್ರಸೂತಿ ಎಂ.ಎಸ್. ವೈವಾ ಹತ್ತಿರ ಬಂತೆಂದರೆ ಹಾಸ್ಟೆಲಿನಲ್ಲಿ ಬಟ್ಟೆಗೊಂಬೆಗೆ ಎಲ್ಲಿಲ್ಲದ ಬೇಡಿಕೆ. ರಾತ್ರಿಯೆಲ್ಲ ಅದನ್ನು ಪೆಲ್ವಿಸ್ಸಿನೊಳಗೆ ತೂರಿಸಿ, ತಿರುಗಿಸಿ ಹೆರಿಗೆ ಮಾಡಿಸುತ್ತಾರೆ. ಎಷ್ಟು ಬ್ಯಾಚುಗಳ ಕೈಯಲ್ಲಿ ಹುಟ್ಟಿದೆಯೋ, ಪಾಪ, ಇನ್ನೂ ನಾಮಕರಣವಾಗಿಲ್ಲ! ನಿಜವಾದ ಹೆರಿಗೆಗಳನ್ನು ನಿದ್ದೆಗಣ್ಣಲ್ಲೇ ನಿಭಾಯಿಸುವ ಹುಡುಗಿ, ಹೊರಗಿನಿಂದ ಬಂದ ಪರೀಕ್ಷಕರು "ಈ ಫೋರ್ಸೆಪ್ಸ್ ಯಾವುದಮ್ಮಾ?" ಎಂದೊಡನೆ ರಿಗ್ಲಿ ಸಾಹೇಬರ ಹೆಸರನ್ನೇ ನುಂಗಿಬಿಡುತ್ತಾಳೆ.

ಗದ್ದವನ್ನು ಎದೆಗೊತ್ತಿಕೊಂಡ ಮಗುವಿನ ತಲೆಗೆ 9.5 ಸೆಂ.ಮೀ. ಜಾಗ ಸಾಕು; ಅರ್ಧ ತಲೆಯೆತ್ತಿ ಹಣೆ ಮುಂದೆ ಮಾಡಿತೋ, ಸುಮಾರು 13.5 ಬೇಕು, ಸಿಕ್ಕಿಕೊಂಡಿತೆಂದೇ ಲೆಕ್ಕ. ಪರೀಕ್ಷಕರೊಡನೆ ವಾದಕ್ಕಿಳಿಯುವ ಅಭ್ಯರ್ಥಿಯ ಗತಿಯೂ ಅಷ್ಟೇ. (ಎದೆ ಸೆಟೆಸಿ ಪಾಸಾದವರನ್ನು ನಾನಂತೂ ಕಂಡಿಲ್ಲ.) "ಹೌದು ಸರ್, ಸಾರಿ ಸರ್" ಎಂದು ಗದ್ದ ಒಳಗೆಳೆದುಕೊಂಡವರು ಸಲೀಸಾಗಿ ಪಾರು. ಹೊರಗೆ ಬಂದ ಮೇಲೆ ಜೋರಾಗಿ ಅಳುವುದೊಂದೇ ಬಾಕಿ.